ವಂಶದೊಳಗೆ ಹೊಕ್ಕ ಕಳ್ಳ

ಗಾಂಧಿಬಜಾರಿನಿಂದ ಏಲಕ್ಕಿ ಬಾಳೆಯ ಚಿಪ್ಪೊಂದನ್ನು ತಂದು ಅಡಿಗೆಮನೆಯ ತಟ್ಟೆಯಲ್ಲಿ ಮರೆತುಬಿಟ್ಟರೆ, ಮೂರನೆಯ ದಿನ ಬೆಳಿಗ್ಗೆ ಅದರ ಮೇಲೆ ಎಳ್ಳುಕಾಳಿನಷ್ಟು ದೊಡ್ಡದಾದ, ಕೆಂಪು ಕಣ್ಣಿನ ನೊಣಗಳು ನಾಲ್ಕಾರು ಸುಳಿಯುತ್ತಿರುವುದನ್ನು ಗೃಹಸ್ಥರೆಲ್ಲರೂ ಕಂಡೇ ಇರುವರು. ಬಸವನಗುಡಿಯ ನಮ್ಮ ಮನೆಯಲ್ಲಿಯೂ ಒಂದು ದಿನ ಹಾಗೆಯೇ ಆಯಿತು. ನಾವು ಕೈವಸ್ತ್ರವನ್ನು ಬೀಸಿ ಅವುಗಳನ್ನು ಓಡಿಸಲು ಹೊರಟಾಗ, ಜೀವಶಾಸ್ತ್ರವನ್ನು ವ್ಯಾಸಂಗಮಾಡುತ್ತಿರುವ ನಮ್ಮ ತಮ್ಮನ ಮಗಳು, "ದೊಡ್ಡಪ್ಪ, ಓಡಿಸಬೇಡಿ. ಮೊನ್ನೆಯಿಂದ ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಅವರೇ," ಎಂದಳು. ನೊಣಗಳನ್ನು 'ಅವರು' ಎಂದು ಕರೆದುದನ್ನು ಕೇಳಿ ನಮಗೆ ನಗು ಬಂದಿತು; ಆದರೆ ಪ್ರಶ್ನೆಯೇನೋ ನಿಜವಾಗಿಯೂ ಕೊರೆಯುತ್ತಿದ್ದಿತು.

ಆ ಪ್ರಶ್ನೆ ಹುಟ್ಟಿದುದು ಮಲ್ಲೇಶ್ವರದಲ್ಲಿ. ಅಲ್ಲಿರುವ ನಮ್ಮ ಬಾಲ್ಯಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಅವರ ಸೊಸೆಗೆ ಎರಡು ಸಲ ಗರ್ಭ ನಿಂತು ಎರಡು ಸಲವೂ ಇಳಿದುಹೋಗಿತ್ತು. ಮಾತಿನ ನಡುವೆ ಸ್ನೇಹಿತರು, "ನಮ್ಮ ವಂಶದಲ್ಲಿ ಇಂಥದು ಎಂದೂ ಇಲ್ಲ. ಬೀಜದಲ್ಲಿ ದೋಷವಿಲ್ಲ, ಹೊಲವೇ ಸರಿಯಿಲ್ಲ," ಎಂದುಬಿಟ್ಟರು. ಅದೇ ಸಮಯಕ್ಕೆ ಆ ಹೆಣ್ಣುಮಗಳು ಕಾಫಿಯ ಲೋಟಗಳನ್ನು ತಂದು ನಮ್ಮ ಮುಂದಿಟ್ಟು ಒಳಕ್ಕೆ ಹೋದಳು. ಆ ಮಾತು ಅವಳಿಗೆ ಕೇಳಿಸದೆ ಇದ್ದಿರಲಾರದು. ನಾವು ಲೋಟವನ್ನು ಕೈಗೆ ತೆಗೆದುಕೊಂಡು ಸುಮ್ಮನಾದೆವು.

ಸುಮ್ಮನಾಗಲು ಕಾರಣವಿಲ್ಲದೆ ಇರಲಿಲ್ಲ. ಬೀಜವು ಪ್ರಧಾನವೋ ಕ್ಷೇತ್ರವು ಪ್ರಧಾನವೋ ಎಂಬ ಚರ್ಚೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಬಹು ಹಳೆಯದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೂ ಅದು ಬರುತ್ತದೆ. ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ಓದುವಾಗ ಬೀಜಪಕ್ಷವನ್ನು ಹಿಡಿದು ವಾದಿಸಿದವರ ಪೈಕಿ ನಾವೂ ಒಬ್ಬರು. ಮುಂದೆ ಉಪಾಧ್ಯಾಯರಾಗಿ ಅನೇಕ ವರ್ಷ ಮಕ್ಕಳಿಗೆ ಪಾಠ ಹೇಳುವಾಗಲೂ 'ಬಿತ್ತಿದಂತೆ ಬೆಳೆ' ಎಂಬ ಮಾತನ್ನು ಅದೇ ಅರ್ಥದಲ್ಲಿ ಬಳಸಿದ್ದೆವು. ಸ್ನೇಹಿತರ ಬಾಯಿಂದ ಬಂದುದು ಒಂದು ರೀತಿಯಲ್ಲಿ ನಮ್ಮದೇ ಮಾತು. ಅದು ಒಬ್ಬಳು ಹೆಣ್ಣುಮಗಳ ಮುಖದ ಮೇಲೆ ಬಿದ್ದಾಗ ಹೇಗಿರುತ್ತದೆಂಬುದನ್ನು ಅಂದು ಮೊದಲ ಬಾರಿಗೆ ಕಂಡೆವು.

ಇನ್ನು ನೊಣದ ವಿಷಯಕ್ಕೆ ಬರೋಣ. ಇದರ ಶಾಸ್ತ್ರೀಯ ನಾಮ ಡ್ರೊಸೊಫಿಲ. ಗ್ರೀಕ್ ಭಾಷೆಯಲ್ಲಿ 'ಇಬ್ಬನಿಯನ್ನು ಪ್ರೀತಿಸುವುದು' ಎಂದರ್ಥ; ನಮ್ಮವರಾದರೆ 'ತುಷಾರಪ್ರಿಯಾ' ಎಂದು ಕರೆಯುತ್ತಿದ್ದರೇನೋ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ವಿದ್ವಾಂಸರು ಈ ಕೆಂಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನದೊಂದನ್ನು ಕಂಡು, ಆ ಗುಣವು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುವ ಕ್ರಮವನ್ನು ಅನುಸರಿಸಿ, ವಂಶವಾಹಿಗಳು ಕೋಶದಲ್ಲಿರುವ ವರ್ಣತಂತುಗಳ ಮೇಲೆ ಇರುತ್ತವೆಂಬುದನ್ನು ಸ್ಥಾಪಿಸಿದರು. 1933ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹತ್ತು ಹನ್ನೆರಡು ದಿನಗಳಲ್ಲಿ ಒಂದು ತಲೆಮಾರು ಮುಗಿಯುವುದರಿಂದ, ಮನುಷ್ಯರಲ್ಲಿ ಸಾವಿರ ವರ್ಷ ಹಿಡಿಯುವ ವಂಶವೃತ್ತಾಂತವನ್ನು ಇವುಗಳಲ್ಲಿ ಒಂದು ವರ್ಷದೊಳಗೆ ನೋಡಬಹುದು.

ಇದು ಪರದೇಶದ ವಿದ್ಯೆಯೆಂದು ವಾಚಕರು ಭಾವಿಸಬೇಕಾದುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ವಿಭಾಗದವರು ಬಹುಕಾಲದಿಂದ ಈ ನೊಣಗಳನ್ನು ಸಾಕಿ ಅಭ್ಯಾಸಮಾಡಿರುವರು, ಪ್ರೊಫೆಸರ್ ಎಂ. ಆರ್. ರಾಜಶೇಖರಶೆಟ್ಟಿ, ಎನ್. ಬಿ. ಕೃಷ್ಣಮೂರ್ತಿ, ಎಚ್. ಎ. ರಂಗನಾಥ್ ಮೊದಲಾದವರ ಪರಂಪರೆಯದು. ಎಂಟು ವರ್ಣತಂತುಗಳುಳ್ಳ ನಾಸುಟ ಎಂಬ ಬಗೆಯನ್ನೂ ಆರೇ ವರ್ಣತಂತುಗಳುಳ್ಳ ಆಲ್ಬೊಮಿಕಾನ್ಸ್ ಎಂಬ ಬಗೆಯನ್ನೂ ಕೂಡಿಸಿ, ಆ ಸಂಕರದಿಂದ ಹೊಸ ಹೊಸ ಕುಲಗಳು ನೆಲೆಗೊಳ್ಳುವುದನ್ನು ಅವರು ಪ್ರಯೋಗಶಾಲೆಯಲ್ಲಿಯೇ ತೋರಿಸಿದರು. ಬೆಂಗಳೂರಿನಲ್ಲಿ, 1990ರ ದಶಕದ ಆರಂಭದಲ್ಲಿ, ಪ್ರೊಫೆಸರ್ ಒಬೈದ್ ಸಿದ್ದಿಕಿಯವರ ನಾಯಕತ್ವದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಮಲ್ಲೇಶ್ವರಕ್ಕೆ ಸಮೀಪದ ವಿಜ್ಞಾನ ಮಂದಿರದ ಆವರಣದಲ್ಲಿ ಮೊದಲಾಯಿತು. ಅನಂತರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣಕ್ಕೆ ಹೋಯಿತು. ಅಲ್ಲಿಯೂ ಸಾಲುಸಾಲು ಸೀಸೆಗಳಲ್ಲಿ ಈ ನೊಣಗಳ ಸಂಸಾರ ನಡೆಯುತ್ತಲೇ ಇರುವುದು.

ನಮ್ಮ ತಮ್ಮನ ಮಗಳು ಹೇಳಿದುದನ್ನು ನಮಗೆ ತಿಳಿಯುವ ಭಾಷೆಗೆ ತಿರುಗಿಸಿಕೊಂಡು ಇಲ್ಲಿ ನಿರೂಪಿಸುತ್ತೇವೆ. ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ದ್ರವ್ಯದಿಂದಾದ ಒಂದು ಗ್ರಂಥವಿದೆ. ಅದರ ಅಕ್ಷರಗಳು ನಾಲ್ಕೇ. ಆದರೆ ನೊಣದ ಗ್ರಂಥದಲ್ಲಿ ಅಂಥ ಅಕ್ಷರಗಳು ಸುಮಾರು 18 ಕೋಟಿ. ಕೋಶವು ಕೆಲಸ ನಡೆಸಬೇಕಾದಾಗ ಈ ಮೂಲಗ್ರಂಥದಿಂದ ಬೇಕಾದ ಭಾಗವನ್ನು ಮಾತ್ರ ಆರ್.ಎನ್.ಎ. ಎಂಬ ಚೀಟಿಗೆ ಇಳಿಸಿಕೊಳ್ಳುತ್ತದೆ. ಚೀಟಿಯಿಂದ ಮೂಲಗ್ರಂಥಕ್ಕೆ ಯಾರೂ ಬರೆಯುವುದಿಲ್ಲವೆಂದು ಪಂಡಿತರು ಬಹುಕಾಲ ನಂಬಿದ್ದರು. 1970ರಲ್ಲಿ ಹೊವರ್ಡ್ ಟೆಮಿನ್, ಡೇವಿಡ್ ಬಾಲ್ಟಿಮೋರ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕೆಲಸಮಾಡಿ, ಕೆಲವು ವೈರಸ್ಸುಗಳು ಹೀಗೆ ಹಿಮ್ಮುಖವಾಗಿ ಬರೆಯುತ್ತವೆಂಬುದನ್ನು ಕಂಡುಹಿಡಿದರು. 1975ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಇವರಿಬ್ಬರೂ ಸೇರಿದ್ದರು. ಇಂಥ ವೈರಸ್ಸುಗಳಿಗೆ ರೆಟ್ರೋವೈರಸ್ ಎಂದು ಹೆಸರು. ಇವು ಚೀಟಿಯ ರೂಪದಲ್ಲಿ ಕೋಶವನ್ನು ಹೊಕ್ಕು, ತಮ್ಮ ಬರಹವನ್ನು ಮನೆಯವರ ಮೂಲಗ್ರಂಥದಲ್ಲಿಯೇ ಸೇರಿಸಿಬಿಡುತ್ತವೆ.

ಸಂಸ್ಕೃತ ಓದಿದವರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಓಲೆಗರಿಯ ಗ್ರಂಥಗಳಲ್ಲಿ ಪ್ರಕ್ಷಿಪ್ತ ಶ್ಲೋಕಗಳೆಂಬುವು ಇಲ್ಲವೆ? ಯಾವನೋ ಲಿಪಿಕಾರನು ತನ್ನದೊಂದು ಶ್ಲೋಕವನ್ನು ನಡುವೆ ಸೇರಿಸುತ್ತಾನೆ. ಅವನು ಬರೆದ ಪ್ರತಿಯಿಂದ ಮುಂದೆ ಯಾರೂ ನಕಲು ತೆಗೆಯದಿದ್ದರೆ, ಆ ಓಲೆಗೆ ಗೆದ್ದಲು ಹಿಡಿದಾಗ ಶ್ಲೋಕವೂ ಹೋಗುತ್ತದೆ. ಆದರೆ ಎಲ್ಲರೂ ನಕಲು ತೆಗೆಯುವ ಮಾತೃಕೆಯಲ್ಲಿಯೇ ಅದು ಸೇರಿತೆಂದರೆ, ಮುಂದಿನ ಪ್ರತಿಗಳೆಲ್ಲದರಲ್ಲಿಯೂ ಅದು ಮೂಲದಂತೆಯೇ ಉಳಿದುಬರುತ್ತದೆ. ಪ್ರಾಣಿಯ ದೇಹದಲ್ಲಿಯೂ ಹೀಗೆಯೇ. ಚರ್ಮ, ಕರುಳು, ರೆಕ್ಕೆ, ಇವುಗಳ ಕೋಶಗಳು ಒಡೆಯನೊಡನೆ ಸಾಯುವ ಪ್ರತಿಗಳು. ಅಂಡ ಮತ್ತು ರೇತಸ್ಸುಗಳನ್ನು ಕೊಡುವ ಜನನಕೋಶಗಳು ಮಾತ್ರ ಮಾತೃಕೆ. ಅಲ್ಲಿ ಸೇರಿಕೊಂಡ ರೆಟ್ರೋವೈರಸ್ಸು ರೋಗವೆಂಬ ಹೆಸರನ್ನು ಬಿಟ್ಟು ಪಿತ್ರಾರ್ಜಿತ ಸೊತ್ತಾಗಿಬಿಡುತ್ತದೆ.

ಹಣ್ಣಿನ ನೊಣದಲ್ಲಿ ಇಂಥ ಕಳ್ಳರು ಅನೇಕರಿದ್ದಾರೆ. ಅವರಲ್ಲಿ ಪ್ರಸಿದ್ಧನಾದವನಿಗೆ ಜಿಪ್ಸಿ ಎಂದು ಹೆಸರಿಟ್ಟಿರುವರು. ಅವನ ಬರಹವೆಲ್ಲ ಸೇರಿ ಸುಮಾರು 7,500 ಅಕ್ಷರ. ಅದರಲ್ಲಿ ಮೂರು ಪ್ರಕರಣಗಳಿವೆ: ಒಂದು, ತಾನು ಪ್ರಯಾಣಮಾಡುವ ಪೆಟ್ಟಿಗೆಯನ್ನು ಕಟ್ಟುವುದಕ್ಕೆ, ಎರಡು, ಚೀಟಿಯಿಂದ ಗ್ರಂಥಕ್ಕೆ ಬರೆಯುವ ಲೇಖನಿಗೆ, ಮೂರು, ಮತ್ತೊಂದು ಕೋಶದ ಬಾಗಿಲನ್ನು ತೆರೆಯುವ ಬೀಗದ ಕೈಗೆ. ಈ ಮೂರನೆಯದು ಕೀಟಗಳನ್ನು ಪೀಡಿಸುವ ಬ್ಯಾಕ್ಯುಲೋವೈರಸ್ ಎಂಬ ಬೇರೊಂದು ಕುಲದ ಕೈಯೊಂದನ್ನು ಹೋಲುತ್ತದೆ. ರಾಮನಗರ, ಶಿಡ್ಲಘಟ್ಟಗಳ ಕಡೆ ರೇಷ್ಮೆಹುಳುಗಳಿಗೆ ಹಾಲುತೊಂಡೆ ರೋಗವನ್ನು ತರುವ ವೈರಸ್ಸೂ ಅದೇ ಕುಲದ್ದು. ಒಬ್ಬ ಕಳ್ಳನು ಮತ್ತೊಬ್ಬನಿಂದ ಕೈ ಪಡೆದನೆಂದೇ ಪಂಡಿತರ ಮತ.

ಈಗ ನೊಣದ ಅಂಡಾಶಯವನ್ನು ನೋಡೋಣ. ಅಲ್ಲಿ ಒಂದು ಜನನಕೋಶವು ಒಡೆದು ಹದಿನಾರಾಗುತ್ತದೆ. ಅವುಗಳಲ್ಲಿ ಒಂದೇ ಒಂದು ಅಂಡವಾಗುವ ಭಾಗ್ಯವನ್ನು ಪಡೆಯುತ್ತದೆ. ಉಳಿದ ಹದಿನೈದು ದಾದಿಯರಂತೆ ಅದಕ್ಕೆ ಉಣಿಸಿ ಬೆಳೆಯಿಸಿ ತಾವು ಅಳಿಯುತ್ತವೆ. ಈ ಹದಿನಾರನ್ನೂ ಸುತ್ತುವರಿದು, ಬಾಣಂತಿಯ ಕೋಣೆಗೆ ಕಟ್ಟಿದ ಮರೆಯಂತೆ, ತಾಯಿಯ ದೇಹಕೋಶಗಳ ಒಂದು ಪದರವಿರುತ್ತದೆ. ಇವನ್ನು ಪರಿವಾರಕೋಶಗಳೆನ್ನೋಣ. ಅಂಡಕ್ಕೆ ಚಿಪ್ಪನ್ನು ಹೊದಿಸಿದ ಬಳಿಕ ಇವೂ ಸಾಯತಕ್ಕವೇ.

ಜಿಪ್ಸಿಯು ಮನೆಮಾಡಿಕೊಳ್ಳುವುದು ಈ ಪರಿವಾರಕೋಶಗಳಲ್ಲಿ. ನಾಳೆ ಸಾಯುವ ಕೋಶದಲ್ಲಿ ಕಳ್ಳನಿಗೇನು ಲಾಭ? ಅವನ ಗುರಿ ಪಕ್ಕದ ಕೋಣೆ. ಜನನಕೋಶಗಳೊಳಗೆ ಕಾವಲು ಬಹು ಬಿಗಿ. ಆದುದರಿಂದ ಹೊರಗಿನ ಮರೆಯಲ್ಲಿ ನಿಂತು, ತನ್ನ ಪೆಟ್ಟಿಗೆಗಳನ್ನು ಕಟ್ಟಿ, ಬೀಗದ ಕೈಯನ್ನು ಹಿಡಿದು, ಬೆಳೆಯುತ್ತಿರುವ ಅಂಡದೊಳಕ್ಕೆ ನುಸುಳುವ ಉಪಾಯವನ್ನು ಈ ಕುಲದವರು ಹಿಡಿದಿರುವರು. ಝಾಮ್ ಎಂಬ ಇವನ ದಾಯಾದಿಯೊಬ್ಬನ ಕಣಗಳು, ಅಂಡಕ್ಕೆ ಒಯ್ಯುವ ಆಹಾರದ ಜೊತೆಯಲ್ಲಿಯೇ ಇರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿರುವರು. ಅನ್ನದ ಪಾತ್ರೆಯೊಡನೆ ಅಡಿಗೆಮನೆ ಹೊಕ್ಕಂತೆ! ಒಳಹೊಕ್ಕ ಬರಹವು ಮೂಲಗ್ರಂಥದಲ್ಲಿ ಸೇರಿದರೆ, ಹುಟ್ಟುವ ಮರಿಯ ಮಾತೃಕೆಯಲ್ಲಿಯೇ ಅದು ಇರುತ್ತದೆ.

ಇದು ಊಹೆಯಲ್ಲವೆಂಬುದಕ್ಕೆ 1994ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿಗಳು ಪ್ರಮಾಣ ಕೊಟ್ಟರು. ಜಿಪ್ಸಿಯು ಹೇರಳವಾಗಿದ್ದ ನೊಣಗಳ ಕೋಶಗಳನ್ನು ಅರೆದು, ಜಿಪ್ಸಿಯಿಲ್ಲದ ಕುಲದ ಮರಿಹುಳುಗಳಿಗೆ ಆಹಾರದಲ್ಲಿ ಬೆರೆಸಿ ತಿನ್ನಿಸಿದರು. ಆ ಹುಳುಗಳ ಸಂತತಿಯ ಗ್ರಂಥದಲ್ಲಿ ಜಿಪ್ಸಿಯ ಬರಹವು ಸೇರಿರುವುದು ಕಂಡುಬಂದಿತು. ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲಿಯೂ ಸೋಂಕುವ ರೆಟ್ರೋವೈರಸ್ಸು ಉಂಟೆಂಬುದು ಹೀಗೆ ತಿಳಿದುಬಂದಿತು.

ಹಾಗಾದರೆ ನೊಣಗಳ ವಂಶವೇ ನಾಶವಾಗಬೇಕಿತ್ತಲ್ಲವೆ? ಕಳ್ಳನ ಬರಹವು ಎಲ್ಲೆಂದರಲ್ಲಿ ಸೇರಿದರೆ ಒಳ್ಳೆಯ ವಾಕ್ಯಗಳು ಮುರಿಯುತ್ತವೆ. ಆದರೆ ಬಹುಪಾಲು ನೊಣಗಳಲ್ಲಿ ಜಿಪ್ಸಿಯು ಬಾಯಿ ಬಿಡದೆ ಬಿದ್ದಿರುತ್ತಾನೆ. ಅವನನ್ನು ಅಡಗಿಸುವ ಶಕ್ತಿಯೊಂದು ವರ್ಣತಂತುವಿನ ಒಂದು ಎಡೆಯಲ್ಲಿದೆಯೆಂದು 1995ರಲ್ಲಿ ತೋರಿಸಿ, ಅದಕ್ಕೆ ಫ್ಲಮೆಂಕೊ ಎಂದು ಹೆಸರಿಟ್ಟರು. ಆ ಎಡೆ ಕೆಟ್ಟಿರುವ ತಾಯಿನೊಣದ ಅಂಡಾಶಯದಲ್ಲಿ ಜಿಪ್ಸಿಯು ಎಚ್ಚರಗೊಂಡು ಅವಳ ಮಕ್ಕಳ ಗ್ರಂಥದಲ್ಲಿ ಹೊಸ ಹೊಸ ಜಾಗಗಳನ್ನು ಹಿಡಿಯುತ್ತಾನೆ. ತಾಯಿಯ ಫ್ಲಮೆಂಕೊ ಸರಿಯಿದ್ದರೆ ಮಕ್ಕಳು ಕ್ಷೇಮ.

ಫ್ಲಮೆಂಕೊ ಎಂಬುದು ಏನು? 2007ರಲ್ಲಿ ಇದರ ಗುಟ್ಟು ಹೊರಬಿದ್ದಿತು. ಸುಮಾರು 1,80,000 ಅಕ್ಷರಗಳ ಆ ಎಡೆಯಲ್ಲಿ ಅದ್ಭುತವಾದ ಆಯುಧವೇನೂ ಇರಲಿಲ್ಲ. ಅಲ್ಲಿದ್ದುವು ಹಿಂದೆ ಎಂದೋ ನುಗ್ಗಿಬಂದ ಜಿಪ್ಸಿ ಮೊದಲಾದ ಕಳ್ಳರ ಮುರುಕು ತುಣುಕುಗಳು, ಒಂದರ ಪಕ್ಕದಲ್ಲಿ ಒಂದು! ಪೊಲೀಸು ಠಾಣೆಯ ಗೋಡೆಗೆ ಹಳೆಯ ಕಳ್ಳರ ಭಾವಚಿತ್ರಗಳನ್ನು ಅಂಟಿಸಿದ ಹಾಗೆ. ನೊಣವು ಈ ಎಡೆಯಿಂದ ಒಂದು ಉದ್ದನೆಯ ಚೀಟಿಯನ್ನು ಬರೆದುಕೊಂಡು, ಅದನ್ನು ಇಪ್ಪತ್ತೈದು ಅಕ್ಷರಗಳ ಆಸುಪಾಸಿನ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಪಿವಿ ಎಂಬ ಕಾವಲುಗಾರ ಪ್ರೋಟೀನು ಒಂದೊಂದು ತುಂಡನ್ನು ಕೈಯಲ್ಲಿ ಹಿಡಿದು ಹೋಲಿಸುತ್ತ ತಿರುಗುತ್ತದೆ. ಯಾವ ಬರಹವು ಚಿತ್ರಕ್ಕೆ ಹೊಂದಿತೋ ಅದರ ಬಾಯನ್ನು ಮುಚ್ಚಿಸುತ್ತದೆ. ಕಳ್ಳನು ಬಂದುಹೋದ ಗುರುತೇ ಕಾವಲಿಗೆ ಆಧಾರ. ಪೂರ್ವಿಕರ ಮನೆಗೆ ಬಿದ್ದ ಕನ್ನವು ಮೊಮ್ಮಕ್ಕಳ ಮನೆಗೆ ಅಗುಳಿಯಾಯಿತೆನ್ನಬಹುದು.

ಫ್ಲಮೆಂಕೊ ಕಾಯುವುದು ಪರಿವಾರಕೋಶಗಳನ್ನು. ಅಂಡದೊಳಗೆ ಇದೇ ಬಗೆಯ ಬೇರೆ ಎಡೆಗಳ ಕಾವಲು ಇದೆ. ನಮ್ಮ ಪ್ರಶ್ನೆಗೆ ಉತ್ತರವಿರುವುದು ಈ ಒಳಗಿನ ಕಾವಲಿನಲ್ಲಿ. ಇಲ್ಲಿ ಜಿಪ್ಸಿಯನ್ನು ಬಿಟ್ಟು ಪಿ ಎಂಬ ಮತ್ತೊಬ್ಬನನ್ನು ನೋಡಬೇಕು. ಇವನು ರೆಟ್ರೋವೈರಸ್ಸಲ್ಲ, ಎಡೆಯಿಂದೆಡೆಗೆ ನೆಗೆಯುವ ಬೇರೊಂದು ತುಣುಕು. ಆದರೆ ಕಾವಲಿನ ರೀತಿ ಒಂದೇ. ಇಪ್ಪತ್ತನೆಯ ಶತಮಾನದಲ್ಲಿ ಪಿ ತುಣುಕು ಅಮೆರಿಕಾ ಖಂಡದ ಬೇರೊಂದು ಜಾತಿಯ ನೊಣದಿಂದ ನಮ್ಮ ಹಣ್ಣಿನ ನೊಣಕ್ಕೆ ದಾಟಿ, ಕೆಲವೇ ದಶಕಗಳಲ್ಲಿ ಲೋಕವನ್ನೆಲ್ಲ ವ್ಯಾಪಿಸಿತು. ಅದಕ್ಕೂ ಮೊದಲು ಹಿಡಿದು ಸೀಸೆಗಳಲ್ಲಿ ಸಾಕಿದ್ದ ಕುಲಗಳಲ್ಲಿ ಅದು ಇಲ್ಲ. ಈ ಹಳೆಯ ಕುಲದ ಹೆಣ್ಣನ್ನು ಹೊಸ ಕುಲದ ಗಂಡಿನೊಡನೆ ಕೂಡಿಸಿದರೆ, ಶಾಖ ಹೆಚ್ಚಾಗಿದ್ದಲ್ಲಿ ಹುಟ್ಟುವ ಸಂತಾನವು ಬಂಜೆಯಾಗುತ್ತದೆ. ಹೊಸ ಕುಲದ ಹೆಣ್ಣನ್ನು ಹಳೆಯ ಕುಲದ ಗಂಡಿನೊಡನೆ ಕೂಡಿಸಿದರೆ ಯಾವ ತೊಂದರೆಯೂ ಇಲ್ಲ. ಗ್ರಂಥದ ಅಕ್ಷರಗಳ ಲೆಕ್ಕದಲ್ಲಿ ಎರಡು ಕಡೆಯ ಹೆಣ್ಣುಮಕ್ಕಳೂ ಸಮಾನರೇ. ಪಿ ತುಣುಕು ಇಬ್ಬರಲ್ಲಿಯೂ ಉಂಟು. ಹಾಗಿದ್ದೂ ಒಬ್ಬಳು ಬಂಜೆ, ಇನ್ನೊಬ್ಬಳು ಬಹುಸಂತಾನವತಿ! ಇದು ಏಕೆ?

2008ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಇದರ ಕಾರಣ ಸ್ಪಷ್ಟವಾಯಿತು. ತಾಯಿನೊಣವು ಅಂಡವನ್ನು ಕಟ್ಟುವಾಗ ಗ್ರಂಥದ ಪ್ರತಿಯೊಂದನ್ನು ಕೊಡುವುದಲ್ಲದೆ, ತನ್ನಲ್ಲಿರುವ ಆ ಸಣ್ಣ ತುಂಡುಚೀಟಿಗಳನ್ನೂ ಅಂಡದಲ್ಲಿ ತುಂಬಿ ಕಳುಹಿಸುತ್ತದೆ. ಕಳ್ಳನನ್ನು ಬಲ್ಲ ತಾಯಿಯ ಮಕ್ಕಳು ಹುಟ್ಟುವಾಗಲೇ ಅವನ ಗುರುತನ್ನು ಕೈಯಲ್ಲಿ ಹಿಡಿದಿರುತ್ತವೆ. ತಂದೆಯ ಕೊಡುಗೆಯಲ್ಲಿ ಕಳ್ಳನು ಬರಬಲ್ಲನು; ಕಾವಲಿನ ಚೀಟಿಗಳು ಅಂಡದ ಮೂಲಕವೇ ಬರಬೇಕು. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಮಡಿಲು ತುಂಬುವಂತೆ ಇದೊಂದು ತಾಯಿಯ ಬಳುವಳಿ.

ಈಗ ಆ ಬಂಜೆ ಸಂತಾನದ ದೋಷವನ್ನು ಯಾರ ಮೇಲೆ ಹೊರಿಸೋಣ? ತಂದೆಯ ಕುಲದಲ್ಲಿ ಎಲ್ಲರೂ ಆರೋಗ್ಯವಂತರು, ಅಲ್ಲಿ ಕಾವಲು ಇದೆ. ತಾಯಿಯ ಕುಲದಲ್ಲಿಯೂ ಎಲ್ಲರೂ ಆರೋಗ್ಯವಂತರು, ಅಲ್ಲಿ ಕಳ್ಳನೇ ಇಲ್ಲ. ತಾನು ಕಾಣದ ಕಳ್ಳನ ಗುರುತನ್ನು ತಾಯಿಯು ಕೊಡಲಿಲ್ಲವೆಂದರೆ ಅದು ಅವಳ ಅಪರಾಧವೆ? ಕೇಡು ಬೀಜದಲ್ಲಿಯೂ ಇಲ್ಲ, ಕ್ಷೇತ್ರದಲ್ಲಿಯೂ ಇಲ್ಲ; ಎರಡೂ ಕೂಡಿದಾಗ ಬಂದಿತು. ಕ್ಷೇತ್ರವು ಸುಮ್ಮನೆ ಬಿದ್ದಿರುವ ಮಣ್ಣೆಂದು ತಿಳಿದಿದ್ದ ನಮ್ಮಂಥವರಿಗೆ, ಅದು ಎಚ್ಚರವಾಗಿರುತ್ತದೆ, ನೆನಪಿಡುತ್ತದೆ, ಕಾಯುತ್ತದೆ, ಕಾಯುವ ಉಪಾಯವನ್ನು ಮಕ್ಕಳಿಗೆ ಒಪ್ಪಿಸುತ್ತದೆ ಎಂದು ಈ ಎಳ್ಳುಗಾತ್ರದ ಗುರುವು ಪಾಠ ಹೇಳಿತು.

'ನಮ್ಮ ವಂಶದಲ್ಲಿ ಹೊರಗಿನದೇನೂ ಇಲ್ಲ' ಎಂಬ ಅಭಿಮಾನಕ್ಕೂ ಇಲ್ಲಿ ಎಡೆಯಿಲ್ಲ. ಮನುಷ್ಯನ ಗ್ರಂಥದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಇಂಥ ಪುರಾತನ ರೆಟ್ರೋವೈರಸ್ಸುಗಳ ಅವಶೇಷವೇ. ಯಾವ ಗೋತ್ರದವರಿಗೂ ಇದರಿಂದ ವಿನಾಯಿತಿಯಿಲ್ಲ. ಆಸ್ಟ್ರೇಲಿಯದ ಕೋಆಲ ಎಂಬ ಪ್ರಾಣಿಯಲ್ಲಿ ಒಂದು ರೆಟ್ರೋವೈರಸ್ಸು ವಂಶದೊಳಗೆ ಸೇರುವ ಕಾರ್ಯವು ಈಗಲೂ ನಡೆಯುತ್ತಲಿದೆ. ಬಂದವರೆಲ್ಲರೂ ಕೇಡನ್ನೇ ಮಾಡಿದರೆನ್ನುವಂತೆಯೂ ಇಲ್ಲ. ತಾಯಿಯ ಗರ್ಭದಲ್ಲಿ ಶಿಶುವಿಗೆ ಆಹಾರವೊಯ್ಯುವ ಮಾಸು ರೂಪುಗೊಳ್ಳುವಾಗ ಕೋಶಗಳು ಒಂದಾಗಿ ಬೆಸೆಯಲು ಸಿನ್ಸಿಟಿನ್ ಎಂಬ ಪ್ರೋಟೀನು ನೆರವಾಗುತ್ತದೆ. ಅದು ಹಿಂದೊಮ್ಮೆ ವೈರಸ್ಸಿನ ಬೀಗದ ಕೈಯಾಗಿದ್ದಿತೆಂದು 2000ದ ಇಸವಿಯಲ್ಲಿ ಗೊತ್ತಾಯಿತು. ಕೋಶದ ಬಾಗಿಲನ್ನು ಮುರಿಯಲು ಬಂದ ಕೈಯೇ ತಾಯಿಗೂ ಮಗುವಿಗೂ ನಡುವೆ ಬಾಗಿಲನ್ನು ತೆರೆಯಿತು.

ನೊಣದ ಶಾಸ್ತ್ರವನ್ನು ನೇರವಾಗಿ ಮನುಷ್ಯರ ಸಂಸಾರಕ್ಕೆ ಅನ್ವಯಿಸಬಾರದೆಂದು ನಮ್ಮ ತಮ್ಮನ ಮಗಳು ಎಚ್ಚರಿಸಿದಳು. ಮಲ್ಲೇಶ್ವರದ ಆ ಹೆಣ್ಣುಮಗಳ ಗರ್ಭ ನಿಲ್ಲದಿರುವುದಕ್ಕೂ ಈ ಕಳ್ಳರಿಗೂ ಸಂಬಂಧವುಂಟೆಂದು ನಾವು ಹೇಳುತ್ತಿಲ್ಲ. ಗರ್ಭ ಇಳಿಯುವುದಕ್ಕೆ ಕಾರಣಗಳು ಹಲವು. ಅವನ್ನು ಗೊತ್ತುಮಾಡಬೇಕಾದವರು ವೈದ್ಯರು. ಅವರಾದರೂ ಹೆಂಡತಿಯೊಬ್ಬಳನ್ನೇ ಕರೆಯದೆ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ವಿಚಾರಿಸುವರು. ಆದರೆ 'ಹೊಲವೇ ಸರಿಯಿಲ್ಲ' ಎಂದು ಕಾಫಿಯ ಲೋಟದ ಮುಂದೆ ಕುಳಿತು ತೀರ್ಪು ಕೊಡುವುದಕ್ಕೆ, ಒಂದು ನೊಣದ ವಿಷಯದಲ್ಲಿಯೂ ಸಾಧ್ಯವಾಗದುದು, ಮನುಷ್ಯರ ವಿಷಯದಲ್ಲಿ ಹೇಗೆ ಸಾಧ್ಯವಾದೀತು?

ಕಳೆದ ಭಾನುವಾರ ಮತ್ತೆ ಮಲ್ಲೇಶ್ವರಕ್ಕೆ ಹೋಗಿ ಬಂದೆವು. ಸ್ನೇಹಿತರಿಗೆ ಇಷ್ಟನ್ನೂ ಹೇಳಿದೆವು. ಅಂದು ನಾವು ಸುಮ್ಮನಿದ್ದುದು ತಪ್ಪೆಂಬುದನ್ನೂ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಬರುವ ವಾರ ಡಾಕ್ಟರಲ್ಲಿಗೆ ಇಬ್ಬರೂ ಹೋಗಲಿ ಎಂದು ಮಗನಿಗೆ ಹೇಳುತ್ತೇನೆ," ಎಂದರು. ಸೊಸೆಯು ಒಳಗಿನಿಂದ ಕಾಫಿ ತಂದಳು. ಈ ಸಲ ಲೋಟಗಳನ್ನು ಇಟ್ಟು ಕೂಡಲೆ ಒಳಕ್ಕೆ ಹೋಗದೆ, ಮಾವನವರು "ಕುಳಿತುಕೋಮ್ಮಾ" ಎಂದಾಗ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಳು.